ಹನ್ನೆರಡು ಬಲಗಾಲು

ಎಲ್ಲ ರಾದ್ಧಾಂತಕ್ಕೂ ಮೂಲ, ಹೆಬ್ಬೆರಳಿಗಿಂತ ಚಿಕ್ಕದಾದ ಒಂದು ಬಾಟಲಿ. ಅದರೊಳಗಿದ್ದ ಬಣ್ಣ ಈಗ ಸಿಸ್ಟರ್ ಬೆರ್ಲಿಂಡಳ ಹತ್ತೂ ಕಾಲ್ಬೆರಳುಗಳ ಉಗುರಿನ ಮೇಲಿತ್ತು. ತಿಳಿ ಗುಲಾಬಿಯಾಗಿದ್ದರೆ ತನ್ನ ಉಗುರಿನ ಬಣ್ಣವೇ ಹಾಗೆ ಎಂದು ಸಾಧಿಸಬಹುದಿತ್ತು. ಇದು ಮಾಗಿದ ಚೆರಿ ಹಣ್ಣಿನ ಕೆಂಪು. ಬೆಳಗಿನ ಐದೂವರೆಗೆ ಬೆರ್ಲಿಂಡ ದೀಪ ಹಾಕಿ, ನಿನ್ನೆಯದು ಕನಸಿರಲಪ್ಪಾ ಎಂದುಕೊಂಡು ಹೊದಿಕೆ ಸರಿಸಿ ನೋಡಿದಳು. ಕನಸಾಗಿರಲಿಲ್ಲ.

ನಲವತ್ತೊಂದು ವರ್ಷದಿಂದ ಮಠದ ಬಟ್ಟೆ ಒಗೆದು ಇಸ್ತ್ರಿ ಮಾಡಿಕೊಂಡು ಬಂದ, ಅರವತ್ತೆಂಟು ತುಂಬಿದ ಸನ್ಯಾಸಿನಿಗೆ ಇದೆಂಥ ಶೃಂಗಾರ ಎಂದು ನೀವು ಕೇಳಬಹುದು. ಕೇಳಿ, ತಪ್ಪಿಲ್ಲ. ಆದರೆ ಅವಳು ತಾನಾಗಿ ಹಚ್ಚಿಕೊಂಡದ್ದಲ್ಲ. ಹಚ್ಚಿದವಳು ಒಡಹುಟ್ಟಿದ ಅಕ್ಕ, ಲಿಸೆಟ್.

ರೈಲು ನಿಲ್ದಾಣದ ಎದುರು ಮೂವತ್ತೈದು ವರ್ಷ ಬ್ಯೂಟಿ ಪಾರ್ಲರ್ ನಡೆಸಿದ ಅಕ್ಕ ಈಗ ನದಿ ದಂಡೆಯ ವೃದ್ಧಾಶ್ರಮದಲ್ಲಿದ್ದಳು. ಮರೆವಿನ ಕಾಯಿಲೆ. ತೀರಿಕೊಂಡ ಗಂಡನ ಹೆಸರು ಮರೆತಿತ್ತು, ಊಟ ಮಾಡಿದ್ದು ಮರೆಯುತ್ತಿತ್ತು, ತಂಗಿಯ ಮುಖ ಮರೆತು ಎರಡು ವರ್ಷವಾಗಿತ್ತು. ಪ್ರತಿ ಬುಧವಾರ ಬೆರ್ಲಿಂಡ ಹೋಗಿ ಬಾಗಿಲಲ್ಲಿ ನಿಂತರೆ, "ಬನ್ನಿ ಮೇಡಂ, ಕೂತ್ಕೊಳ್ಳಿ. ಇವತ್ತು ಕೈನಾ, ಕಾಲಾ?" ಎಂದು ಕೇಳುತ್ತಿದ್ದಳು. ಕೈ ಎಂದರೆ ಮಠದಲ್ಲಿ ನಾಲ್ಕು ಜನ ನೋಡುತ್ತಾರೆ. ಅದಕ್ಕೇ ಬೆರ್ಲಿಂಡ ಕಾಲು ಎನ್ನುತ್ತಿದ್ದಳು. ಅಕ್ಕ ಉಗುರು ಕತ್ತರಿಸಿ, ತಿದ್ದಿ, ಬಣ್ಣವಿಲ್ಲದ ಹೊಳಪಿನ ಪಾಲಿಶ್ ಹಚ್ಚುತ್ತಿದ್ದಳು. ಆ ಒಂದು ಗಂಟೆ ಅವಳ ಕೈ ನಡುಗುತ್ತಿರಲಿಲ್ಲ. ಮುಂದಿನ ವಾರ ಕಾಲುಚೀಲ ಬಿಚ್ಚಿದ ಕೂಡಲೇ, "ಇದು ನನ್ನ ಕೈಕೆಲಸ ಅಲ್ವಾ?" ಎಂದು ಮುಖ ಅರಳಿಸುತ್ತಿದ್ದಳು. ತಂಗಿಯನ್ನು ಮರೆತವಳು ತನ್ನ ಕೆಲಸವನ್ನು ಮರೆತಿರಲಿಲ್ಲ. ಅಕ್ಕತಂಗಿಯರ ನಡುವೆ ಉಳಿದಿದ್ದ ದಾರ ಅದೊಂದೇ.

ನಿನ್ನೆ ಯಾರೋ ಪುಣ್ಯಾತ್ಗಿತ್ತಿ ನರ್ಸು ಅಕ್ಕನಿಗೆ ಒಂದು ಹೊಸ ಬಾಟಲಿ ತಂದುಕೊಟ್ಟಿದ್ದಳು. ಬೆರ್ಲಿಂಡ ಜಪಸರ ಎಣಿಸುತ್ತ ಕಣ್ಣು ಮುಚ್ಚಿದ್ದವಳು ತೆರೆಯುವಷ್ಟರಲ್ಲಿ ಎಂಟು ಬೆರಳು ಮುಗಿದಿದ್ದವು. ಅಕ್ಕ ಕೊನೆಯ ಬೆರಳಿಗೂ ಹಚ್ಚಿ, ಊದಿ, "ತೆಗೀಬೇಡಿ ಮೇಡಂ. ಬರೋ ಬುಧವಾರ ಬನ್ನಿ, ಹೇಗಿದೆ ಅಂತ ನಾನು ನೋಡ್ಬೇಕು" ಎಂದಳು. ಬರುವ ಬುಧವಾರ ಎಂಬುದೊಂದಿದೆ ಎಂದು ಅವಳು ಹೇಳಿದ್ದು ಎರಡು ವರ್ಷದಲ್ಲಿ ಅದೇ ಮೊದಲು. ಬೆರ್ಲಿಂಡ ತೆಗೆಯುವುದಿಲ್ಲ ಎಂದು ಮಾತು ಕೊಟ್ಟುಬಿಟ್ಟಳು.

ಬೇರೆ ದಿನವಾಗಿದ್ದರೆ ಕಷ್ಟವಿರಲಿಲ್ಲ. ಕಪ್ಪು ಕಾಲುಚೀಲದೊಳಗೆ ಏನಿದೆ ಎಂದು ದೇವರೊಬ್ಬನಿಗೇ ಗೊತ್ತು, ಅವನು ಚಾಡಿ ಹೇಳುವವನಲ್ಲ. ಆದರೆ ಇವತ್ತು ಪವಿತ್ರ ಗುರುವಾರ. ಯೇಸುಸ್ವಾಮಿ ಕಡೆಯ ಭೋಜನದ ಹೊತ್ತಿಗೆ ಶಿಷ್ಯರ ಕಾಲು ತೊಳೆದ ನೆನಪಿಗೆ, ಸಂಜೆ ಆರರ ಪೂಜೆಯಲ್ಲಿ ಹನ್ನೆರಡು ಜನರ ಬಲಗಾಲು ತೊಳೆಯುವ ದಿನ. ವೇಸೆಲ್‌ಬೇಕೆ ಎಂಬ ಊರಿನ ಆ ಮಠದಲ್ಲಿದ್ದದ್ದು ಹದಿನಾಲ್ಕು ಸಿಸ್ಟರುಗಳು. ಇಬ್ಬರು ಹಾಸಿಗೆ ಹಿಡಿದಿದ್ದರು. ಬೆರ್ಲಿಂಡ ಮಂಚದ ಮೇಲೆ ಕುಳಿತು ಎಷ್ಟು ಸಲ ಕಳೆದರೂ ಹನ್ನೆರಡೇ ಉಳಿಯಿತು.

ತೊಳೆಯುವವರಾದರೂ ಹಳಬರಾಗಿದ್ದರೆ ಸರಿಯಿತ್ತು. ಹಿಂದಿನ ಮುದಿ ಫಾದರಿಗೆ ಕಣ್ಣು ಮಂಜು. ಒಂದು ವರ್ಷ ಕುರ್ಚಿಯ ಕಾಲನ್ನೇ ತೊಳೆದು ಒರೆಸಿ ಮುಂದೆ ಹೋಗಿದ್ದರು. ಈ ಸಲ ಬರುತ್ತಿದ್ದವರು ನೆರೆಯೂರಿನ ಪುರುಷರ ಮಠಕ್ಕೆ ಹೊಸದಾಗಿ ಆಯ್ಕೆಯಾದ ಮಠಾಧ್ಯಕ್ಷರು, ಫಾದರ್ ಎವರಾರ್ಡ್. ನಲವತ್ನಾಲ್ಕರ ಹರೆಯ, ಹದ್ದಿನ ಕಣ್ಣು, ವಿಧಿಯಲ್ಲಿ ಒಂದು ಕಡ್ಡಿ ಆಚೀಚೆಯಾದರೂ ಸಹಿಸದವರು ಎಂಬ ಕೀರ್ತಿ ಅವರಿಗಿಂತ ಮೊದಲೇ ಬಂದು ತಲುಪಿತ್ತು.

ಸಾಲದ್ದಕ್ಕೆ ಇನ್ನೊಂದಿತ್ತು. ಮೂರು ವಾರದ ಹಿಂದೆ, ಬೈಬಲಿನ ಶುಭಸಂದೇಶವನ್ನು ದಿನದ ಬಾಳಿನಲ್ಲಿ ಹೇಗೆ ಪಾಲಿಸಿದೆವು ಎಂದು ಒಬ್ಬೊಬ್ಬರೂ ಹೇಳುವ ಮಠದ ಸಭೆಯಲ್ಲಿ ಬೆರ್ಲಿಂಡ ಎದ್ದು ಹತ್ತು ನಿಮಿಷ ಮಾತಾಡಿದ್ದಳು. "ಮಣ್ಣಿಗೆ ಹೋಗೋ ಮೈಗೆ ಸಾಬೂನು ಸಾಕು. ಕೆಲವರು ಕೈಗೆ ಗುಲಾಬಿ ಕ್ರೀಮು ಹಚ್ಕೋತಾರೆ. ಯಾರು ಅಂತ ನಾನು ಹೇಳಲ್ಲ" ಎಂದು ಅಡುಗೆಯ ಸಿಸ್ಟರ್ ಒಡಿಲಳನ್ನೇ ನೆಟ್ಟ ನೋಟದಿಂದ ನೋಡಿದ್ದಳು. ಒಡಿಲ ಮರುದಿನ ಕ್ರೀಮಿನ ಡಬ್ಬಿಯನ್ನು ಔಷಧಿ ಕೋಣೆಗೆ ಒಪ್ಪಿಸಿ, ಅಂದಿನಿಂದ ಬೆರ್ಲಿಂಡಳಿಗೆ ಗಂಜಿಯ ತಳ ಹಿಡಿದ ಭಾಗವನ್ನೇ ಬಡಿಸುತ್ತಿದ್ದಳು. ಆ ಒಡಿಲ ಇವತ್ತು ಸಂಜೆ ಪಕ್ಕದ ಕುರ್ಚಿಯಲ್ಲಿ ಕೂತು ಈ ಚೆರಿ ಹಣ್ಣುಗಳನ್ನು ನೋಡಬೇಕು.

ತೆಗೆದರೆ ಅಕ್ಕನಿಗೆ ಕೊಟ್ಟ ಮಾತು ತಪ್ಪುತ್ತದೆ, ಇಟ್ಟರೆ ಮಾನ ಹೋಗುತ್ತದೆ. ಬಿಸಿ ತುಪ್ಪ ಬಾಯಿಗೆ ಬಿದ್ದಂತಾಯಿತು, ನುಂಗುವಂತಿಲ್ಲ, ಉಗುಳುವಂತಿಲ್ಲ. ಬೆರ್ಲಿಂಡ ಎರಡು ಜೊತೆ ಕಾಲುಚೀಲ ಹಾಕಿಕೊಂಡು, ಬೂಟಿನ ಲಾಡಿ ಬಿಗಿದು, ಹಿರಿಯಮ್ಮನವರಾದ ಮದರ್ ಅಮಾಂಡಿನರ ಕೋಣೆಗೆ ಹೋದಳು.

"ಮದರ್, ಇವತ್ತು ನನ್ನ ಕಾಲು ತೊಳೆಯೋದು ಬೇಡ."

"ಯಾಕೆ?"

"ನಾನು ಅದಕ್ಕೆ ಯೋಗ್ಯಳಲ್ಲ ಮದರ್."

ಮದರ್ ಕನ್ನಡಕದ ಮೇಲಿನಿಂದ ನೋಡಿದರು. "ಶಿಷ್ಯ ಪೇತ್ರನೂ ನನ್ನ ಕಾಲು ತೊಳೀಬೇಡಿ ಅಂತ ಹಾಗೇ ಅಂದ. ಯೇಸುಸ್ವಾಮಿ ಅವನನ್ನ ಬಿಟ್ರಾ?"

"ಅದಲ್ಲ ಮದರ್. ಕಾಲಿಗೆ ಏನೋ ಆಗಿದೆ." ಇದು ಸುಳ್ಳಲ್ಲ ಎಂದು ಅವಳು ಮನಸ್ಸಿನಲ್ಲೇ ದೇವರಿಗೆ ತಿಳಿಸಿದಳು.

"ಏನಾಗಿದೆ?"

"ಬೆರಳ ತುದಿ ಕೆಂಪಗಾಗಿದೆ."

"ಲುಟ್ಗಾರ್ಡ ಇರೋದು ಯಾತಕ್ಕೆ? ಹೋಗಿ ತೋರ್ಸು. ಹನ್ನೆರಡು ಕುರ್ಚಿ ಹಾಕಿ ಆಗಿದೆ, ಹನ್ನೊಂದು ಕಾಲು ಇಟ್ಕೊಂಡು ಹೊಸ ಫಾದರ್ ಮುಂದೆ ನಾನು ಏನು ಹೇಳ್ಲಿ?"

ಔಷಧಿ ಕೋಣೆಯ ಸಿಸ್ಟರ್ ಲುಟ್ಗಾರ್ಡ ದಪ್ಪನೆಯ ದೇಹದ, ದೊಡ್ಡ ಮನಸ್ಸಿನ, ಎಪ್ಪತ್ತೆರಡರಲ್ಲೂ ಸೈಕಲ್ ತುಳಿಯುವ ಹೆಂಗಸು. ಬೆರ್ಲಿಂಡ ಬಾಗಿಲಿಗೆ ಚಿಲಕ ಹಾಕಿ, ಕಿಟಕಿಯ ಪರದೆ ಎಳೆದು, ಮೊದಲ ಕಾಲುಚೀಲ, ಎರಡನೆಯ ಕಾಲುಚೀಲ ಬಿಚ್ಚಿದಳು. ಲುಟ್ಗಾರ್ಡ ಕನ್ನಡಕ ಹಾಕಿ ಬಗ್ಗಿದಳು. ಅವಳ ಭುಜ ಕುಲುಕತೊಡಗಿತು. ಆಮೇಲೆ ಇಡೀ ದೇಹ ಕುಲುಕಿತು. ನಗು ತಡೆಯಲಾರದೆ ಹತ್ತಿಯ ಉಂಡೆ ಬಾಯಿಗೆ ತುರುಕಿಕೊಂಡಳು.

"ನಗು, ನಗು. ನಿನಗೇನು" ಎಂದು ಬೆರ್ಲಿಂಡ ಅಲ್ಲೇ ಕುಸಿದು ಕುಳಿತು ಅಳತೊಡಗಿದಳು. ಅಳುತ್ತಲೇ ಅಕ್ಕನ ವಿಷಯ ಹೇಳಿದಳು. ಬುಧವಾರದ ಮಾತು ಹೇಳಿದಳು. ಲುಟ್ಗಾರ್ಡ ಹತ್ತಿ ಹೊರತೆಗೆದಳು. ಈಗ ನಗುತ್ತಿರಲಿಲ್ಲ.

"ತೆಗೀಬೇಕು ಅಂದ್ರೆ ಪೇಟೆಯಿಂದ ಒಂದು ಸೀಸೆ ತಂದ್ರೆ ಎರಡು ನಿಮಿಷದ ಕೆಲಸ ಕಣೆ. ತರ್ಲಾ?"

"ತಂದ್ರೆ ಅಕ್ಕನಿಗೆ ಏನು ಹೇಳ್ಲಿ? ಅವಳಿಗೆ ನೆನಪಿರೋದು ಇದೊಂದೇ."

"ಹಾಗಾದ್ರೆ ಬಿಡು."

"ಬಿಟ್ರೆ ಒಡಿಲ ನೋಡ್ತಾಳಲ್ಲೇ. ಎಲ್ರೂ ನೋಡ್ತಾರೆ. ಆ ಫಾದರ್ ನೋಡ್ತಾರೆ. ನಾಳೆಯಿಂದ ನಾನು ಹೇಗೆ ಮುಖ ತೋರಿಸ್ಲಿ?"

ಲುಟ್ಗಾರ್ಡ ಸ್ವಲ್ಪ ಹೊತ್ತು ಆ ಹತ್ತು ಉಗುರುಗಳನ್ನೇ ನೋಡುತ್ತ ಕುಳಿತಳು. ಆಮೇಲೆ ಮೆಲ್ಲಗೆ ಕಾಲುಚೀಲ ಎತ್ತಿಕೊಟ್ಟಳು. "ನೀನು ಅದನ್ನ ಮುಟ್ಬೇಡ. ಸುಮ್ಮನೆ ಹೋಗಿ ನಿನ್ನ ಬಟ್ಟೆ ಒಗಿ. ಮಿಕ್ಕಿದ್ದು ನನಗೆ ಬಿಡು."

"ಯಾರಿಗೂ ಹೇಳ್ಬೇಡ."

"ನಾನಾ? ನಾನು ಯಾರಿಗೆ ಹೇಳ್ತೀನಿ?"

ಲುಟ್ಗಾರ್ಡಳ ಬಗ್ಗೆ ಒಂದು ಮಾತು ಹೇಳಲೇಬೇಕು. ಯಾರಿಗೂ ಹೇಳಬೇಡ ಎಂದು ಮೊದಲು ಆಣೆ ಹಾಕಿಸಿಕೊಳ್ಳದೆ ಅವಳು ಯಾರ ಗುಟ್ಟನ್ನೂ ಯಾರಿಗೂ ಹೇಳಿದವಳಲ್ಲ. ಹನ್ನೊಂದು ಗಂಟೆಯ ಹೊತ್ತಿಗೆ ಮಠದಲ್ಲಿ ಆಣೆ ಹಾಕಿದವರ ಸಂಖ್ಯೆ ಆರಾಗಿತ್ತು.

ಬೆರ್ಲಿಂಡಳಿಗೆ ಅದು ಗೊತ್ತಾಗಲು ಹೊತ್ತು ಹಿಡಿಯಲಿಲ್ಲ. ಪೂಜೆಯ ಬಿಳಿ ವಸ್ತ್ರ ಹೊತ್ತು ಅಂಗಳ ದಾಟಿದರೆ, ಬಾವಿಯ ಹತ್ತಿರ ನಿಂತಿದ್ದ ಇಬ್ಬರು ಮಾತು ನಿಲ್ಲಿಸಿ ಅವಳ ಬೂಟು ನೋಡಿದರು. ಮೆಟ್ಟಿಲು ಹತ್ತಿದರೆ, ಇಳಿಯುತ್ತಿದ್ದವಳೊಬ್ಬಳು ಬೂಟು ನೋಡಿದಳು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡವನ ಹಾಗೆ ಬೆರ್ಲಿಂಡ ಹೆಜ್ಜೆಗೊಮ್ಮೆ ಬಗ್ಗಿ, ಬೂಟಿನ ಲಾಡಿ ಬಿಗಿ ಮಾಡಿಕೊಳ್ಳುತ್ತ ಓಡಾಡಿದಳು.

ಮಧ್ಯಾಹ್ನದ ಊಟ ಮೌನದಲ್ಲಿ. ಒಬ್ಬರು ಎತ್ತರದ ಪೀಠದಿಂದ ಶುಭಸಂದೇಶ ಓದುವುದು, ಉಳಿದವರು ತಲೆ ತಗ್ಗಿಸಿ ಉಣ್ಣುವುದು. "ನಾನು ನಿನ್ನ ಕಾಲು ತೊಳೆಯದಿದ್ದರೆ ನಿನಗೂ ನನಗೂ ಸಂಬಂಧವಿಲ್ಲ" ಎಂಬಲ್ಲಿಗೆ ಓದು ಬಂದಿತ್ತು. ಆಗ ತೊಂಬತ್ತೊಂದು ವರ್ಷದ ಸಿಸ್ಟರ್ ಗುಡುಲಳ ಕಿವಿಯಲ್ಲಿ ಪಕ್ಕದವಳು ಏನೋ ಪಿಸುಗುಟ್ಟಿದಳು. ಗುಡುಲಳಿಗೆ ಕಿವಿ ಕೇಳದು, ತನಗೆ ಕೇಳದ್ದು ಲೋಕಕ್ಕೂ ಕೇಳದು ಎಂದು ಅವಳ ನಂಬಿಕೆ.

"ಯಾರ ಕಾಲು?" ಎಂದು ಗುಡುಲ ಗೋಡೆ ಅದುರುವಂತೆ ಕೇಳಿದಳು. "ಬೆರ್ಲಿಂಡಂದಾ? ಹತ್ತೂ ಬೆರಳಿಗಾ?"

ಓದುತ್ತಿದ್ದವಳು ಪೇತ್ರನನ್ನು ಅರ್ಧಕ್ಕೆ ಬಿಟ್ಟು ಕೆಮ್ಮಿದಳು. ಚಮಚಗಳು ನಿಂತವು. ಬೆರ್ಲಿಂಡ ತಟ್ಟೆಯೊಳಗೆ ಮುಳುಗಿ ಸಾಯಲು ಸಾಧ್ಯವೇ ಎಂದು ನೋಡುತ್ತಿದ್ದಾಗ, ಒಡಿಲ ಅಡುಗೆಮನೆಯಿಂದ ಬಂದು ಅವಳ ಮುಂದೆ ಒಂದು ಬಟ್ಟಲು ಇಟ್ಟಳು. ಕೇಸರಿ ಹಾಕಿದ ಹಾಲನ್ನ, ಮೇಲಿನ ಕೆನೆಯ ಭಾಗ, ಉಳಿದವರಿಗಿಂತ ಎರಡು ಪಟ್ಟು, ಮೇಲೆ ಕಂದು ಸಕ್ಕರೆ. ಇಟ್ಟು ಬೆರ್ಲಿಂಡಳ ಭುಜ ತಟ್ಟಿ ಹೋದಳು.

ಬಲಿಗೆ ಬಿಟ್ಟ ಕುರಿಗೂ ಮೊದಲು ಒಳ್ಳೆ ಮೇವು ಹಾಕುತ್ತಾರೆ ಎಂದುಕೊಂಡ ಬೆರ್ಲಿಂಡಳಿಗೆ ಒಂದು ತುತ್ತೂ ಇಳಿಯಲಿಲ್ಲ. ಮೂರು ವಾರದ ಸಿಟ್ಟನ್ನು ಒಡಿಲ ಕೆನೆಯಲ್ಲಿ ಅದ್ದಿ ತೀರಿಸಿಕೊಳ್ಳುತ್ತಿದ್ದಾಳೆ ಎನ್ನುವುದರಲ್ಲಿ ಅವಳಿಗೆ ಸಂಶಯವೇ ಉಳಿಯಲಿಲ್ಲ.

ಊಟವಾದ ಮೇಲೆ ಲುಟ್ಗಾರ್ಡ ಸೈಕಲ್ ಹತ್ತಿ ಪೇಟೆಗೆ ಹೋದದ್ದನ್ನು ಬೆರ್ಲಿಂಡ ಒಗೆಯುವ ಕೋಣೆಯ ಕಿಟಕಿಯಿಂದ ಕಂಡಳು. ಮರಳಿ ಬಂದಾಗ ಮೇಲಂಗಿಯ ಅಡಿ ಏನನ್ನೋ ಅವುಚಿಕೊಂಡಿದ್ದಳು. ಅದಾಗಿ ಅರ್ಧ ಗಂಟೆಗೆ ಔಷಧಿ ಕೋಣೆಯ ಮುಂದೆ ಹಾದರೆ ಬಾಗಿಲು ಹಾಕಿತ್ತು. ಒಳಗಿನಿಂದ ಏಳೆಂಟು ಜನರ ಕಿಲಕಿಲ. ಪವಿತ್ರ ವಾರದಲ್ಲಿ ಮಠದೊಳಗೆ ಅಂಥ ನಗು ಅವಳು ನಲವತ್ತೊಂದು ವರ್ಷದಲ್ಲಿ ಕೇಳಿರಲಿಲ್ಲ.

"ಸಂಜೆ ಬೆರ್ಲಿಂಡಳ ಮುಖ ನೋಡ್ಬೇಕು" ಎಂದಿತು ಒಡಿಲಳ ಧ್ವನಿ.

"ಶ್, ಮೆಲ್ಲಗೆ. ಅವಳಿಗೆ ಗೊತ್ತಾದ್ರೆ ಕೆಟ್ಟಿತು" ಎಂದಿತು ಲುಟ್ಗಾರ್ಡಳ ಧ್ವನಿ.

ಬೆರ್ಲಿಂಡಳ ಕೈಯಲ್ಲಿದ್ದ ಟವೆಲುಗಳ ಅಟ್ಟಿ ನೆಲಕ್ಕೆ ಬಿತ್ತು. ನೀನೂನಾ ಲುಟ್ಗಾರ್ಡ ಎಂದುಕೊಂಡಳು. ಟವೆಲು ಆಯ್ದುಕೊಂಡು ತಿರುಗಿದರೆ, ಮೊಗಸಾಲೆಯ ಬೆಂಚಿನ ಮೇಲೆ ಗುಡುಲ ಒಂದು ಬರಿಗಾಲನ್ನು ಮುಂದಕ್ಕೆ ಚಾಚಿ, ಮೇಲೊಂದು ಕರವಸ್ತ್ರ ಹೊದಿಸಿ ಕೂತಿದ್ದಳು. "ಒಣಗಿಸ್ತಾ ಇದೀನಿ" ಎಂದು ಕೂಗಿದಳು. ಅದರಲ್ಲಿ ವಿಶೇಷವೇನೂ ಇರಲಿಲ್ಲ. ಸಂಜೆ ತೊಳೆಯುವ ಫಾದರಿಗೆ ಒಂದು ಚೂರೂ ಕೊಳೆ ಸಿಗಬಾರದೆಂದು ಆ ದಿನ ಎಲ್ಲರೂ ಮಧ್ಯಾಹ್ನವೇ ಕಾಲು ತಿಕ್ಕಿ ತೊಳೆದುಕೊಳ್ಳುವುದು ಮಠದ ಹಳೆಯ ಪದ್ಧತಿ. ತೊಳೆಸಿಕೊಳ್ಳುವುದಕ್ಕೆ ಮೊದಲು ತೊಳೆದುಕೊಳ್ಳದಿದ್ದರೆ ಅಸಹ್ಯ ಎನ್ನುತ್ತಿದ್ದರು ಮದರ್.

ಆ ಮದರೇ ಎದುರಿಗೆ ಬಂದರು. ಯಾವತ್ತೂ ಸರಸರನೆ ನಡೆಯುವವರು ಇವತ್ತು ಯಾಕೋ ಬಲಗಾಲಿನ ಹಿಮ್ಮಡಿ ಮಾತ್ರ ಊರಿ, ಚಪ್ಪಲಿಯಲ್ಲಿ ಕುಂಟುತ್ತ ಬಂದು ಬೆರ್ಲಿಂಡಳ ಮುಂದೆ ನಿಂತರು.

"ನನಗೆ ಎಲ್ಲ ಗೊತ್ತಾಗಿದೆ" ಎಂದರು.

ಬೆರ್ಲಿಂಡ ಟವೆಲುಗಳನ್ನು ಎದೆಗವಚಿಕೊಂಡಳು. "ಮದರ್, ನಾನು..."

"ಈಗ ಏನೂ ಹೇಳ್ಬೇಡ. ಇವತ್ತು ನಾನು ಮೊದಲ ಕುರ್ಚಿ. ನೀನು ಕೊನೇ ಕುರ್ಚಿ. ಮಿಕ್ಕಿದ್ದು ಹಬ್ಬ ಆದ್ಮೇಲೆ."

ಕೊನೆಯ ಕುರ್ಚಿ ಎಂದರೆ ಪ್ರಾರ್ಥನಾಲಯದ ಕಂಬದ ಮರೆ, ಮೂಲೆ. ನಲವತ್ತೊಂದು ವರ್ಷ ಸೇವೆ ಮಾಡಿದ ಸಿಸ್ಟರಿಗೆ ಮೂಲೆ. ಬೆರ್ಲಿಂಡ ಒಗೆಯುವ ಕೋಣೆಗೆ ಹೋಗಿ, ಒದ್ದೆ ಹಾಸುಗಳ ನಡುವೆ ನಿಂತು, ಅಕ್ಕನ ಮುಖ ಕಣ್ಣ ಮುಂದೆ ಬರದಂತೆ ಗಟ್ಟಿಯಾಗಿ ಕಣ್ಣು ಮುಚ್ಚಿಕೊಂಡಳು. ಆಮೇಲೆ ಹಿತ್ತಲಿಗೆ ನಡೆದಳು.

ಹಿತ್ತಲಲ್ಲಿ ತೋಟದ ಕೆಲಸದ ಕಮೀಲ್ ಗಾಜಿನಮನೆಯ ಕಿಟಕಿಗಳಿಗೆ ಹಸಿರು ಬಣ್ಣ ಬಳಿಯುತ್ತಿದ್ದ.

"ಕಮೀಲ್, ಸ್ವಲ್ಪ ಥಿನ್ನರ್ ಕೊಡಪ್ಪಾ."

"ಯಾಕೆ ಸಿಸ್ಟರ್?"

"ಒಂದು ಕಲೆ ತೆಗೀಬೇಕು."

"ಎಂಥ ಬಣ್ಣದ್ದು?"

"ಕೆಂಪು."

"ನಾನು ಕೆಂಪು ಬಳಿದೇ ಇಲ್ವಲ್ಲ ಸಿಸ್ಟರ್. ಎಷ್ಟು ದೊಡ್ಡದು?"

"ಸಣ್ಣದು. ಐದು." ಪವಿತ್ರ ಗುರುವಾರ ಸುಳ್ಳು ಯಾಕೆಂದು, "ಹತ್ತು" ಎಂದು ತಿದ್ದಿದಳು.

ಕಮೀಲ್ ಅವಳನ್ನೊಮ್ಮೆ, ತನ್ನ ಬ್ರಷ್ಷನ್ನೊಮ್ಮೆ ನೋಡಿ, ಡಬ್ಬಿಯ ತಳದಲ್ಲಿದ್ದಷ್ಟನ್ನು ಒಂದು ಲೋಟಕ್ಕೆ ಬಗ್ಗಿಸಿಕೊಟ್ಟ. ಸನ್ಯಾಸಿನಿಯರ ಹತ್ತಿರ ಇಪ್ಪತ್ತು ವರ್ಷ ಕೆಲಸ ಮಾಡಿದವನಿಗೆ ಯಾವಾಗ ಪ್ರಶ್ನೆ ನಿಲ್ಲಿಸಬೇಕೆಂದು ತಿಳಿದಿರುತ್ತದೆ.

ಒಗೆಯುವ ಕೋಣೆಯ ಮೂಲೆಯಲ್ಲಿ, ಪಾತ್ರೆ ತಿಕ್ಕುವ ಸ್ಟೀಲ್ ನಾರಿಗೆ ಥಿನ್ನರ್ ಅದ್ದಿ ಬೆರ್ಲಿಂಡ ಬಲಗಾಲಿನ ಕಿರುಬೆರಳಿನಿಂದ ಶುರುಮಾಡಿದಳು. ಬಣ್ಣ ಸುಲಭಕ್ಕೆ ಬಿಡಲಿಲ್ಲ. ಅಕ್ಕನ ಕೆಲಸ ಗಟ್ಟಿ, ಎರಡು ಪದರ ಹಚ್ಚಿ ಅಂಚು ಕೂಡ ತಿದ್ದಿದ್ದಳು. ಒಂದೊಂದು ಬೆರಳು ಬೋಳಾದಾಗಲೂ ಬೆರ್ಲಿಂಡಳ ಕಣ್ಣಿಂದ ಎರಡೆರಡು ಹನಿ. ಯೇಸುಸ್ವಾಮಿಯನ್ನು ಹಿಡಿದೊಯ್ದ ರಾತ್ರಿ ಪೇತ್ರ ಅವರನ್ನು ನಾನರಿಯೆ ಎಂದದ್ದು ಮೂರು ಸಲ. ನಾನು ಬೆರಳಿಗೊಂದರಂತೆ ಐದು ಸಲ ಅಕ್ಕನನ್ನು ಅಲ್ಲಗಳೆದೆ, ಅವನಾದರೂ ಕೋಳಿ ಕೂಗುವ ಹೊತ್ತಿನವರೆಗೆ ತಡೆದಿದ್ದ, ನಾನು ಸಂಜೆ ಐದಕ್ಕೇ ಮುಗಿಸಿದೆ ಎಂದು ಹಲುಬಿದಳು. ಹೆಬ್ಬೆರಳು ಮುಗಿಯುವ ಹೊತ್ತಿಗೆ ಥಿನ್ನರೂ ಮುಗಿದಿತ್ತು, ಪೂಜೆಯ ಗಂಟೆಯೂ ಬಾರಿಸಿತ್ತು. ತೊಳೆಯುವುದು ಬಲಗಾಲು ಮಾತ್ರ. ಊರಿಗೆ ಬಲಗಾಲು, ಅಕ್ಕನಿಗೆ ಎಡಗಾಲು ಎಂದು ಹೇಗೋ ಸಮಾಧಾನ ಹೇಳಿಕೊಂಡು ಬೂಟು ಏರಿಸಿದಳು. ಆದರೆ ಅಕ್ಕನಿಗೆ ಕೊಟ್ಟ ಮಾತು ಎರಡು ಕಾಲಿನದ್ದು ಎಂಬುದು ಅವಳಿಗೆ ಗೊತ್ತಿತ್ತು.

ಪ್ರಾರ್ಥನಾಲಯದಲ್ಲಿ ಊರಿನ ಮೂವತ್ತು ನಲವತ್ತು ಜನ ಸೇರಿದ್ದರು. 'ಪರಮೋನ್ನತದಲ್ಲಿ ದೇವರಿಗೆ ಮಹಿಮೆ' ಹಾಡಿನ ಹೊತ್ತಿಗೆ ಗಂಟೆಗಳೆಲ್ಲ ಕೊನೆಯ ಸಲ ಮೊಳಗಿ ಮೌನವಾದವು. ಊರವರ ನಂಬಿಕೆಯಲ್ಲಿ ಇನ್ನು ಈಸ್ಟರ್‌ವರೆಗೆ ಅವು ರೋಮಿಗೆ ಹಾರಿಹೋದಂತೆ ಲೆಕ್ಕ. ಬೆರ್ಲಿಂಡಳಿಗೂ ಅವುಗಳ ಜೊತೆ ಹಾರಿಹೋಗುವ ಮನಸ್ಸಾಯಿತು.

ಪ್ರವಚನ ಮುಗಿದು ಹನ್ನೆರಡು ಸಿಸ್ಟರುಗಳು ಪೀಠದ ಮುಂದಿನ ಕುರ್ಚಿಗಳಲ್ಲಿ ಸಾಲಾಗಿ ಕುಳಿತರು. ಮೊದಲು ಮದರ್, ಹನ್ನೊಂದನೆಯವಳು ಒಡಿಲ, ಕೊನೆಗೆ ಕಂಬದ ಮರೆಯಲ್ಲಿ ಬೆರ್ಲಿಂಡ. ಎಲ್ಲರೂ ಬಗ್ಗಿ ಬಲಗಾಲಿನ ಬೂಟು ಬಿಚ್ಚುವ ಸದ್ದು. ಬೆರ್ಲಿಂಡ ಕಣ್ಣು ಮುಚ್ಚಿ ಕೂತಳು. ಯಾಕೋ ಸಭೆಯ ಕಡೆಯಿಂದ ಗುಜುಗುಜು ಎದ್ದಿತು. ಯಾರೋ ಹೆಂಗಸು ಕಿಸಕ್ಕೆಂದಳು, ಯಾರೋ ಅವಳನ್ನು ತಿವಿದರು.

ಫಾದರ್ ಎವರಾರ್ಡ್ ಸೊಂಟಕ್ಕೆ ಬಿಳಿ ವಸ್ತ್ರ ಬಿಗಿದು ಮದರ್ ಮುಂದೆ ಮಂಡಿಯೂರಿದರು. ತಂಬಿಗೆ ಎತ್ತಿದರು. ನೀರು ಬೀಳುವ ಸದ್ದು ಬರಲಿಲ್ಲ. ಬೆರ್ಲಿಂಡ ಒಂದು ಕಣ್ಣು ತೆರೆದು ಕಂಬದ ಪಕ್ಕದಿಂದ ಇಣುಕಿದಳು.

ಮದರ್ ಅಮಾಂಡಿನರ ಎಪ್ಪತ್ನಾಲ್ಕು ವರ್ಷದ ಬಲಗಾಲು ಬೋಗುಣಿಯ ಮೇಲೆ ನೆಟ್ಟಗೆ ನಿಂತಿತ್ತು. ಐದು ಉಗುರು, ಐದೂ ಕೆಂಪು. ಬರಿಯ ಕೆಂಪಲ್ಲ, ಚೆರಿ ಹಣ್ಣಿನ ಕೆಂಪು. ಹಚ್ಚಿದವರಿಗೆ ಕೈ ಕುದುರದೆ ಬೆರಳಿಗೂ ಅಷ್ಟಿಷ್ಟು ಬಳಿದಿತ್ತು. ಮದರ್ ಎದುರಿನ ಶಿಲುಬೆಯನ್ನೇ ನೋಡುತ್ತಿದ್ದರು, ಅವರ ಮುಖದಲ್ಲಿ ಒಂದು ಗೆರೆಯೂ ಅಲುಗಲಿಲ್ಲ.

ಫಾದರ್ ಒಂದು ಗಳಿಗೆ ತಂಬಿಗೆ ಎತ್ತಿ ಹಿಡಿದೇ ಇದ್ದರು. ಆಮೇಲೆ ನೀರು ಸುರಿದರು, ಒರೆಸಿದರು, ಮುತ್ತಿಟ್ಟರು. ಎರಡನೆಯ ಕುರ್ಚಿಗೆ ಸರಿದರು. ಕೆಂಪು. ಮೂರನೆಯದು ಲುಟ್ಗಾರ್ಡಳದು, ಕೆಂಪು. ಗುಡುಲಳ ಗಂಟು ಗಂಟಾದ ತೊಂಬತ್ತೊಂದು ವರ್ಷದ ಬೆರಳುಗಳು, ಕೆಂಪು. ಏಳನೆಯ ಕುರ್ಚಿಗೆ ಬರುವಷ್ಟರಲ್ಲಿ ಫಾದರ್ ಅವರ ಮೇಲೇರಿದ್ದ ಹುಬ್ಬು ಕೆಳಗಿಳಿದಿತ್ತು. ಒಂದೊಂದು ಮಠಕ್ಕೆ ಒಂದೊಂದು ಪದ್ಧತಿ, ಕೇಳಿ ತಿಳಿದುಕೊಂಡು ಬರಬೇಕಿತ್ತು ಎಂದು ತಮ್ಮನ್ನೇ ಬೈದುಕೊಳ್ಳುತ್ತಿದ್ದವರಂತೆ ಭಕ್ತಿಯಿಂದ ಮುಂದುವರಿದರು. ಒಡಿಲ ಎರಡು ಪದರ ಹಚ್ಚಿಸಿಕೊಂಡಿದ್ದಳು. ಕಾಲು ಮುಂದಿಟ್ಟು ಅವಳು ಬೆರ್ಲಿಂಡಳ ಕಡೆ ತಿರುಗಿ, ಹೇಗಿದೆ ಎನ್ನುವಂತೆ ಕಣ್ಣು ಮಿಟುಕಿಸಿದಳು.

ಬೆರ್ಲಿಂಡಳಿಗೆ ಎಲ್ಲ ಒಟ್ಟಿಗೆ ಹೊಳೆಯಿತು. ಪೇಟೆಯ ಸೈಕಲ್, ಮುಚ್ಚಿದ ಬಾಗಿಲು, ಕರವಸ್ತ್ರದಡಿಯ ಕಾಲು, ಮದರ್ ಕುಂಟಿದ್ದು, ಕೆನೆ ಹಾಲನ್ನ. ತನ್ನೊಬ್ಬಳ ನಾಚಿಕೆಯನ್ನು ಹನ್ನೊಂದು ಪಾಲು ಮಾಡಿ ಹೊತ್ತುಕೊಂಡು ಕೂತಿದ್ದರು ಇವರು. ಒಳಗಿನಿಂದ ಅಳು ಒತ್ತಿಕೊಂಡು ಬಂತು, ಅದರ ಹಿಂದೆಯೇ ಭಯ ಬಂತು, ಯಾಕೆಂದರೆ ಅವಳ ಬಲಗಾಲು ಬೋಳಾಗಿತ್ತು.

ಫಾದರ್ ಒಡಿಲಳ ಕಾಲು ಒರೆಸುತ್ತಿದ್ದರು. ಬೆರ್ಲಿಂಡ ಸರಕ್ಕನೆ ಬಗ್ಗಿ ಎಡಗಾಲಿನ ಬೂಟು ಕಿತ್ತು, ಕಾಲುಚೀಲ ಎಳೆದು, ಅಕ್ಕನ ಚೆರಿ ಹಣ್ಣುಗಳನ್ನು ಬೋಗುಣಿಗೆ ಒಡ್ಡಿದಳು.

ಫಾದರ್ ಮಂಡಿಯೂರಿ ನೋಡಿದರು. ಮೆಲುದನಿಯಲ್ಲಿ, "ಬಲಗಾಲು, ಸಿಸ್ಟರ್" ಎಂದರು.

"ಇದೇ ಇರ್ಲಿ ಫಾದರ್."

"ವಿಧಿಯಲ್ಲಿ ಬಲಗಾಲು ಸಿಸ್ಟರ್."

ಬೇರೆ ದಾರಿಯಿರಲಿಲ್ಲ. ಬೆರ್ಲಿಂಡ ಬಲಗಾಲನ್ನು ಹೊರತೆಗೆದಳು. ಸ್ಟೀಲ್ ನಾರಿಗೆ ತಿಕ್ಕಿ ಗೀರು ಬಿದ್ದ, ಬಣ್ಣದ ಸುಳಿವೂ ಇಲ್ಲದ ಐದು ಬೋಳು ಉಗುರು. ಥಿನ್ನರಿನ ಘಾಟು ಧೂಪವನ್ನೂ ಮೀರಿ ಎದ್ದಿತು, ಫಾದರ್ ಅವರ ಕಣ್ಣಲ್ಲಿ ನೀರು ಬಂತು. ಹನ್ನೊಂದು ತಲೆಗಳು ಒಟ್ಟಿಗೆ ಇತ್ತ ತಿರುಗಿದವು. ಒಡಿಲಳ ಬಾಯಿ ತೆರೆದೇ ಉಳಿಯಿತು. ಲುಟ್ಗಾರ್ಡ ಹಣೆಗೆ ಕೈ ಹಚ್ಚಿಕೊಂಡಳು.

ಫಾದರ್ ಎವರಾರ್ಡ್ ಆ ಬೋಳು ಕಾಲನ್ನು ನೋಡಿದರು. ಸಾಲಿನ ಹನ್ನೊಂದು ಕೆಂಪು ಕಾಲುಗಳನ್ನು ನೋಡಿದರು. ಮತ್ತೆ ಕರುಣೆಯಿಂದ ಅವಳ ಮುಖ ನೋಡಿ, ಯಾರಿಗೂ ಕೇಳದಂತೆ ಕೇಳಿದರು: "ಮಠಕ್ಕೆ ಹೊಸಬರಾ ಸಿಸ್ಟರ್?"

ನಲವತ್ತೊಂದು ವರ್ಷ ಆ ಮಠದ ಬಟ್ಟೆ ಒಗೆದ ಬೆರ್ಲಿಂಡ ತಲೆ ತಗ್ಗಿಸಿ, "ಹೌದು ಫಾದರ್" ಎಂದಳು.

ಆ ಪೂಜೆಯಾದ ಮೇಲೆ ಹಬ್ಬದವರೆಗೆ ಮಠದಲ್ಲಿ ಪೂರ್ಣ ಮೌನ. ಬೀಸುವ ದೊಣ್ಣೆ ತಪ್ಪಿತಲ್ಲ ಎಂದುಕೊಂಡಳು ಬೆರ್ಲಿಂಡ. ಆದರೆ ಬೈಗುಳವಿಲ್ಲದೆ ಮೂರು ದಿನ ಹನ್ನೊಂದು ಜನರ ಮುಖ ನೋಡಿಕೊಂಡಿರುವುದು ಬೈಗುಳಕ್ಕಿಂತ ಕಷ್ಟ. ಈಸ್ಟರ್ ಊಟದಲ್ಲಿ ಬಾಯಿ ಬಿಡಲು ಅಪ್ಪಣೆಯಾದ ಕೂಡಲೇ ಅವಳು ಎದ್ದು ಎಲ್ಲರ ಮುಂದೆ ಕ್ಷಮೆ ಕೇಳಿದಳು. ಒಡಿಲಳ ಕೈ ಹಿಡಿದು, ಕ್ರೀಮಿನ ಮಾತಿಗೂ ಕ್ಷಮೆ ಕೇಳಿದಳು.

"ನೀನು ತಡ್ಕೊಂಡಿದ್ರೆ ಆಗ್ತಿತ್ತಲ್ಲೇ ಪೆದ್ದಿ" ಎಂದಳು ಒಡಿಲ, ಮೂಗು ಒರೆಸಿಕೊಳ್ಳುತ್ತ.

ಮದರ್ ಚಮಚದಿಂದ ಲೋಟ ತಟ್ಟಿದರು. "ಅದಿರ್ಲಿ. ಇದನ್ನ ತೆಗೆಯೋದು ಹೇಗೆ ಅಂತ ಯಾರಿಗಾದ್ರೂ ಗೊತ್ತಾ?"

ಲುಟ್ಗಾರ್ಡ ನೆಲ ನೋಡಿದಳು. ಪೇಟೆಯಲ್ಲಿ ಅವಳು ಕೆಂಪು ಬಾಟಲಿ ತಂದಿದ್ದಳೇ ಹೊರತು ತೆಗೆಯುವ ಸೀಸೆ ತಂದಿರಲಿಲ್ಲ. "ಗೊತ್ತಿರೋರ ಹತ್ರಾನೇ ಹೋಗೋಣ" ಎಂದು ಮದರ್ ತೀರ್ಮಾನ ಕೊಟ್ಟರು.

ಹೀಗಾಗಿ ಬುಧವಾರ ವೃದ್ಧಾಶ್ರಮದ ಲಿಸೆಟ್ ಅಕ್ಕನ ಕೋಣೆಯ ಮುಂದೆ ಹನ್ನೆರಡು ಸನ್ಯಾಸಿನಿಯರು ಬರಿಗಾಲಲ್ಲಿ ಸಾಲಾಗಿ ಕುಳಿತರು. ಅಕ್ಕ ಬಾಗಿಲಿಗೆ ಬಂದು ನೋಡಿ, ಎರಡೂ ಕೈ ಕೆನ್ನೆಗೆ ಹಚ್ಚಿಕೊಂಡಳು. ಅಷ್ಟು ಗಿರಾಕಿಗಳು ಅವಳ ಅಂಗಡಿಗೆ ಒಂದೇ ದಿನ ಬಂದು ಎಷ್ಟು ಕಾಲವಾಗಿತ್ತೋ. ಮದರ್ ಕಾಲು ನೋಡಿದ್ದೇ, "ಯಾರು ಮೇಡಂ ಹಚ್ಚಿದ್ದು ಇದನ್ನ? ಗೋಡೆಗೆ ಸುಣ್ಣ ಹೊಡೆದ ಹಾಗಿದೆ" ಎಂದಳು. ತೆಗೆಯುವುದಕ್ಕೆ ಬಂದವರು ಎಂದು ಹೇಳಲು ಮದರ್ ಬಾಯಿ ತೆರೆದರು. ಅಕ್ಕನ ಮುಖ ನೋಡಿ ಮುಚ್ಚಿಕೊಂಡರು. ಅಕ್ಕ ಒಬ್ಬೊಬ್ಬರದನ್ನೂ ಒರೆಸಿ, ತಿದ್ದಿ, ಹೊಸದಾಗಿ ಕೆಂಪು ಹಚ್ಚಿದಳು. ಹಾಡು ಗುನುಗಿದಳು. ಗುಡುಲಳ ಜೊತೆ ಹವೆಯ ಬಗ್ಗೆ ಕೂಗಾಡಿ ಮಾತಾಡಿದಳು. ಹಿಂದೆ ನಿಂತಿದ್ದ ನರ್ಸು, "ಇವರು ಇಷ್ಟು ಮಾತಾಡಿದ್ದು ನಾನು ನೋಡೇ ಇಲ್ಲ" ಎಂದಳು. ಬೆರ್ಲಿಂಡ ಸೆರಗಿನಂತೆ ಜೋತಿದ್ದ ತನ್ನ ತಲೆವಸ್ತ್ರದ ತುದಿಯಲ್ಲಿ ಕಣ್ಣೊರೆಸಿಕೊಂಡಳು.

ಕೊನೆಗೆ ಅವಳ ಸರದಿ ಬಂತು. ಅಕ್ಕ ಎಡಗಾಲನ್ನು ತೊಡೆಯ ಮೇಲಿಟ್ಟುಕೊಂಡು ಮುಖ ಅರಳಿಸಿದಳು. "ಇದು ನನ್ನ ಕೈಕೆಲಸ." ಬಲಗಾಲು ಎತ್ತಿಕೊಂಡಳು. ಬೋಳು ಉಗುರುಗಳ ಮೇಲೆ ಹೆಬ್ಬೆರಳು ಆಡಿಸಿ, ಗೀರುಗಳನ್ನು ಒಂದೊಂದಾಗಿ ನೋಡಿದಳು.

"ಬೇರೆ ಅಂಗಡಿಗೆ ಹೋಗಿದ್ರಾ ಮೇಡಂ?"

"ತಪ್ಪಾಯ್ತು" ಎಂದಳು ಬೆರ್ಲಿಂಡ.

"ವಾರ ವಾರ ಬರೋರು ನೀವು. ನೀವೇ ಹೀಗೆ ಮಾಡಿದ್ರೆ ಹೇಗೆ?" ಅಕ್ಕ ಕಾಲನ್ನು ಮೆಲ್ಲಗೆ ಕೆಳಗಿಟ್ಟು, ಬಾಟಲಿಯ ಮುಚ್ಚಳ ತಿರುಗಿಸಿ ಮುಚ್ಚಿ, ಎದ್ದು ನಿಂತಳು. "ಇವತ್ತು ಹೊಸ ಗಿರಾಕಿಗಳು ಜಾಸ್ತಿ. ನಿಮ್ಮದು ಮಾಡೋಕೆ ನನಗೆ ಪುರುಸೊತ್ತಿಲ್ಲ. ಬರೋ ಬುಧವಾರ ಬನ್ನಿ, ನೋಡೋಣ."

ವ್ಯಾನಿನಲ್ಲಿ ಹನ್ನೊಂದು ಜನ ಬಣ್ಣ ಒಣಗಲೆಂದು ಕಾಲು ಚಾಚಿ ಕುಳಿತಿದ್ದರು. ಬೆರ್ಲಿಂಡ ಒಂದು ಕಾಲು ಕೆಂಪು, ಒಂದು ಕಾಲು ಬೋಳು ಇಟ್ಟುಕೊಂಡು ಹತ್ತಿದಳು. ಲುಟ್ಗಾರ್ಡ ಪಕ್ಕಕ್ಕೆ ಸರಿದು ಜಾಗ ಮಾಡಿಕೊಟ್ಟಳು.

"ಏನಂದಳೇ ನಿನ್ನಕ್ಕ?"

"ನನ್ನ ಮೇಲೆ ಸಿಟ್ಟು ಮಾಡ್ಕೊಂಡಿದಾಳೆ ಕಣೆ" ಎಂದಳು ಬೆರ್ಲಿಂಡ. ಹಾಗೆನ್ನುವಾಗ ಅವಳ ಮುಖ ಮಾತ್ರ ಹಬ್ಬದಂತಿತ್ತು. "ಎರಡು ವರ್ಷ ಆದ್ಮೇಲೆ, ನನ್ನ ಮೇಲೇ."